“ಮಗಾ, ನನ್ನ ಸ್ನೇರ್ ಎಲ್ಲೋ?”

ಕೇಳಿದ್ದು ನಮ್ಮ ಡ್ರಮ್ಮರ್. ಸ್ನೇರ್ ಅಂದ್ರೆ ಡ್ರಮ್ ಸೆಟ್‌ನಲ್ಲಿ ಚಟ್ ಅಂತ ಸದ್ದು ಮಾಡೋ ಡ್ರಮ್. ನಮ್ಮ ಕಾಲೇಜು ಬ್ಯಾಂಡ್ ನಿಂತು 18 ವರ್ಷ ಆಗಿತ್ತು. ಕಳೆದ ವರ್ಷ ಮತ್ತೆ ಸೇರಿ ಆರು ಹಾಡು ರೆಕಾರ್ಡ್ ಮಾಡಿದೆವು. ಎಲ್ಲ ವಾದ್ಯಗಳ ಸದ್ದನ್ನು ಹದವಾಗಿ ಬೆರೆಸೋ ಕೆಲಸ, ಅಂದ್ರೆ ಮಿಕ್ಸಿಂಗ್, ನನ್ನ ತಲೆಗೆ ಬಂತು. ಕಂಪ್ಯೂಟರ್ ಇದ್ದದ್ದು ನನ್ನ ಮನೆಯಲ್ಲಿ, ಅಷ್ಟೇ ಕಾರಣ.

ಎಲ್ಲರ ಕಣ್ಣೂ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಮ್ ಮೇಲೆ. ಅದಕ್ಕೂ ಹಿಂದಿನ, 2003ರ ‘ಸೇಂಟ್ ಆ್ಯಂಗರ್’ನಲ್ಲಿ ಒಂದು ಗಿಟಾರ್ ಸೋಲೋ ಕೂಡ ಇರಲಿಲ್ಲ. ಇವರ ಕಥೆ ಮುಗೀತು ಅಂದವರು ಬಹಳ ಜನ. 2008ರ ‘ಡೆತ್ ಮ್ಯಾಗ್ನೆಟಿಕ್’ನಲ್ಲಿ ಸೋಲೋ, ಉದ್ದುದ್ದ ಹಾಡು, ಹಳೇ ವೇಗ ಎಲ್ಲ ವಾಪಸ್ ಬಂತು. 2011ರ ಅಕ್ಟೋಬರ್‌ನಲ್ಲಿ ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾವು ನಾಲ್ವರೂ ಅಲ್ಲಿದ್ದೆವು.

ಮಿಕ್ಸ್ ಮುಗಿಸಿ ಕೊನೆಗೆ ಲಿಮಿಟರ್ ಹಾಕಿದೆ. ಎತ್ತರದ ಸದ್ದುಗಳನ್ನು ಅಮುಕಿ ಒಟ್ಟು ಹಾಡನ್ನೇ ಜೋರು ಮಾಡೋ ಸಾಧನ ಅದು. ಸದ್ದು ಜೋರಾದರೆ ಚೆನ್ನಾಗಿದೆ ಅನ್ನಿಸುತ್ತೆ, ಅಲ್ವಾ? ಏರಿಸಿದೆ, ಇನ್ನೂ ಏರಿಸಿದೆ. ಮೀಟರ್ ಮೈನಸ್ 6 ಎಲ್‌ಯುಎಫ್‌ಎಸ್ ತೋರಿಸುತ್ತಿತ್ತು. ಹಾಡು ಎಷ್ಟು ಜೋರು ಅನ್ನೋದರ ಅಳತೆ ಅದು, ಸೊನ್ನೆಗೆ ಹತ್ತಿರ ಬಂದಷ್ಟೂ ಜೋರು. ಪರದೆ ಮೇಲೆ ಗರಗಸದ ಹಲ್ಲಿನ ಹಾಗೆ ಇದ್ದ ಸದ್ದಿನ ಅಲೆ ಕಾಂಪೌಂಡ್ ಗೋಡೆ ಆಗಿತ್ತು. ಖುಷಿಯಲ್ಲಿ ರಾತ್ರಿ ಒಂದು ಗಂಟೆಗೆ ಗ್ರೂಪಿಗೆ ಕಳಿಸಿ ಮಲಗಿದೆ.

ಬೆಳಿಗ್ಗೆ ಡ್ರಮ್ಮರ್ ಫೋನ್. “ಮಗಾ, ನನ್ನ ಸ್ನೇರ್ ಎಲ್ಲೋ?”

ಹೌದು, ಇರಲಿಲ್ಲ. ಸ್ನೇರ್ ಏಟು ಒಂದು ಕ್ಷಣ ಉಳಿದೆಲ್ಲಕ್ಕಿಂತ ಮೇಲೆ ನೆಗೆಯುತ್ತೆ. ಲಿಮಿಟರ್ ಮೊದಲು ಕತ್ತರಿಸೋದು ಆ ತಲೆಯನ್ನೇ. ಉಳಿದದ್ದು ರಟ್ಟಿನ ಡಬ್ಬ ಬಡಿದ ಸದ್ದು.

ತಮಾಷೆ ಏನಪ್ಪಾ ಅಂದ್ರೆ, ‘ಡೆತ್ ಮ್ಯಾಗ್ನೆಟಿಕ್’ ಮೇಲೂ ಇದೇ ದೂರು. ಸಿಡಿಯಲ್ಲಿ ಸದ್ದನ್ನು ಎಷ್ಟು ಅಮುಕಿದ್ದರೆಂದರೆ ಅಲ್ಲಲ್ಲಿ ಒಡೆದೇ ಹೋಗುತ್ತೆ. ಅದೇ ಹಾಡುಗಳು ‘ಗಿಟಾರ್ ಹೀರೋ’ ಗೇಮ್‌ನಲ್ಲೂ ಬಂದವು, ಅಲ್ಲಿ ಅಷ್ಟು ಅಮುಕಿರಲಿಲ್ಲ. ಅಭಿಮಾನಿಗಳು ಗೇಮ್‌ನ ಸದ್ದನ್ನೇ ಹುಡುಕಿಕೊಂಡು ಕೇಳಿದರು. ಎರಡನ್ನೂ ಒಂದೇ ವಾಲ್ಯೂಮಿಗೆ ತಂದು ನಾನೂ ಕೇಳಿದೆ. ವಾಲ್ಯೂಮ್ ಸಮ ಮಾಡದೆ ಹೋಲಿಸಬೇಡಿ, ಕಿವಿ ಜೋರಿರೋದಕ್ಕೇ ಓಟು ಹಾಕುತ್ತೆ. ಗೇಮ್‌ನದರಲ್ಲಿ ಡ್ರಮ್ ಎದೆಗೆ ಬಡಿಯಿತು.

ಲಿಮಿಟರ್ ಇಳಿಸಿದೆ. ಸ್ಪಾಟಿಫೈ ಹೇಗೂ ಎಲ್ಲವನ್ನೂ ಸುಮಾರು ಮೈನಸ್ 14ಕ್ಕೆ ತಂದು ನುಡಿಸುತ್ತೆ. ಸುಮ್ನೆ ಯಾಕೆ ಅಮುಕೋದು? ಮೈನಸ್ 11ಕ್ಕೆ ನಿಲ್ಲಿಸಿ ಡ್ರಮ್ಮರ್‌ಗೆ ಕಳಿಸಿದೆ.

“ಈಗ ಸ್ನೇರ್ ಇದೆ. ಗಿಟಾರ್ ಜಾಸ್ತಿ ಆಯ್ತು, ಸ್ವಲ್ಪ ಕಮ್ಮಿ ಮಾಡೋ.”

ಗಿಟಾರ್ ನುಡಿಸಿದ್ದು ನಾನೇ. ಕಮ್ಮಿ ಮಾಡಲಿಲ್ಲ.