‘ಪಾರ್ ಫಾರ್ ದ ಕೋರ್ಸ್’ ಎಂಬ ನುಡಿಗಟ್ಟನ್ನು ಬಳಸುವ ಬಗೆ

ರೈಲು ಎಂದಿನಂತೆ ಒಂದು ಗಂಟೆ ತಡವಾಗಿ ಬಂದಾಗ ದಿನವೂ ಓಡಾಡುವವರು ‘ಇದು ಇದ್ದದ್ದೇ ಬಿಡಿ’ ಎನ್ನುತ್ತಾರಲ್ಲ, ಆ ಮಾತಿಗೆ ಇಂಗ್ಲಿಷಿನಲ್ಲಿ ಸರಿಹೊಂದುವುದು ‘ದಟ್ಸ್ ಪಾರ್ ಫಾರ್ ದ ಕೋರ್ಸ್’. ಇಲ್ಲಿ ‘ಕೋರ್ಸ್’ ಎಂದರೆ ನಾವು ಕಾಲೇಜಿನಲ್ಲಿ ಓದುವ ಕೋರ್ಸ್ ಅಲ್ಲ, ಗಾಲ್ಫ್ ಮೈದಾನ.

ನುರಿತ ಆಟಗಾರ ಚೆಂಡನ್ನು ಕುಳಿಗೆ ಸೇರಿಸಲು ಇಷ್ಟು ಹೊಡೆತ ಸಾಕು ಎಂದು ಗೊತ್ತುಮಾಡಿದ ಸಂಖ್ಯೆಯೇ ‘ಪಾರ್’. 18 ಕುಳಿಗಳ ಮೈದಾನದಲ್ಲಿ ಅದರ ಮೊತ್ತ ಸಾಮಾನ್ಯವಾಗಿ 72ರ ಆಸುಪಾಸಿನಲ್ಲಿರುತ್ತದೆ. ಷೇರುಪೇಟೆಯಲ್ಲಿದ್ದ ಈ ಪದ ಗಾಲ್ಫಿಗೆ ಬಂದದ್ದು 1870ರಲ್ಲಿ. ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ ಮೈದಾನದಲ್ಲಿ ಆಗ ಇದ್ದ 12 ಕುಳಿಗಳನ್ನು ತಪ್ಪಿಲ್ಲದೆ ಆಡಿದರೆ 49 ಹೊಡೆತ ಸಾಕೆಂದು ಇಬ್ಬರು ವೃತ್ತಿಪರರು ಹೇಳಿದಾಗ, ಎ. ಎಚ್. ಡೋಲ್‌ಮನ್ ಎಂಬ ಬರಹಗಾರರು ಆ ಸಂಖ್ಯೆಯನ್ನು ‘ಪಾರ್’ ಎಂದು ಕರೆದರು. ಆ ವರ್ಷ ಅಲ್ಲಿ ನಡೆದ ಓಪನ್ ಚಾಂಪಿಯನ್‌ಶಿಪ್ ಪಂದ್ಯದ ಮೂರು ಸುತ್ತಿಗೆ ಲೆಕ್ಕ 147 ಆಗುತ್ತಿತ್ತು; ಆಟಗಾರ ಯಂಗ್ ಟಾಮ್ ಮಾರಿಸ್ 149ರಲ್ಲಿ ಮುಗಿಸಿ ಗೆದ್ದರು. ನಿರೀಕ್ಷಿಸಿದಷ್ಟೇ ನಡೆಯಿತು ಎಂಬ ಅರ್ಥ ಹುಟ್ಟಿದ್ದು ಈ ಲೆಕ್ಕದಿಂದ.

ಮೈದಾನದ ಹೊರಗೆ ಮಾತ್ರ ಈ ನುಡಿಗಟ್ಟಿಗೆ ಬೇಸರದ ಬಣ್ಣ ಹತ್ತಿದೆ, ಕಲಿಯುವವರು ಹೆಚ್ಚಾಗಿ ಎಡವುವುದೂ ಇಲ್ಲಿಯೇ. ವಿಳಂಬ, ಅವ್ಯವಸ್ಥೆ, ಪದೇ ಪದೇ ಮುರಿಯುವ ಮಾತು, ಇಂಥವುಗಳ ಬಗ್ಗೆ ‘ಇವರಿಂದ ಇನ್ನೇನು ನಿರೀಕ್ಷಿಸಲಾದೀತು’ ಎಂಬ ಧ್ವನಿಯಲ್ಲಿ ಇದನ್ನು ಬಳಸುತ್ತಾರೆ. ಆದ್ದರಿಂದ ನಿಮಗೆ ನೆರವಾದ ಗುರುಗಳಿಗೆ ‘ಯುವರ್ ಹೆಲ್ಪ್ ವಾಸ್ ಪಾರ್ ಫಾರ್ ದ ಕೋರ್ಸ್’ ಎಂದು ಬರೆದರೆ, ಅವರ ಉಪಕಾರದಲ್ಲಿ ವಿಶೇಷವೇನೂ ಇರಲಿಲ್ಲ ಎಂದಂತಾಗುತ್ತದೆ. ಯಾರಾದರೂ ತಮ್ಮ ಕಷ್ಟ ಹೇಳಿಕೊಳ್ಳುತ್ತಿರುವಾಗಲೂ ಈ ಮಾತು ಬೇಡ; ಅದು ಕಲ್ಲೆದೆಯ ಮಾತಾಗಿ ಕೇಳಿಸುತ್ತದೆ.

ರೂಪ ಬದಲಾಗುವುದಿಲ್ಲ. ‘ಪಾರ್’ ಹಿಂದೆ ‘ಎ’ ಸೇರಿಸಬಾರದು, ‘ಪಾರ್ಟ್ ಆಫ್ ದ ಕೋರ್ಸ್’ ಎಂದು ತಿರುಚಬಾರದು. ‘ಲಾಂಗ್ ಕ್ಯೂಸ್ ಆರ್ ಪಾರ್ ಫಾರ್ ದ ಕೋರ್ಸ್ ಹಿಯರ್’ ಎಂಬಂತೆ, ಯಾವುದು ಮಾಮೂಲೋ ಅದನ್ನು ಮೊದಲು ಹೇಳಿ ಆಮೇಲೆ ನುಡಿಗಟ್ಟನ್ನು ತರಬೇಕು. ಗೆಳೆಯರ ಮಾತಿನಲ್ಲಿಯೂ ಪತ್ರಿಕೆಯ ಅಂಕಣದಲ್ಲಿಯೂ ಇದು ಒಪ್ಪುತ್ತದೆ. ಅರ್ಜಿಗೆ, ಸಂಶೋಧನಾ ಪ್ರಬಂಧಕ್ಕೆ ಹೊಂದುವುದಿಲ್ಲ.

ಇದರ ಒಡಹುಟ್ಟುಗಳಲ್ಲಿ ‘ಆನ್ ಎ ಪಾರ್ ವಿತ್’ ಎಂದರೆ ಸರಿಸಮಾನ. ‘ಬಿಲೋ ಪಾರ್’ ಎಂದರೆ ಮಟ್ಟಕ್ಕಿಂತ ಕಡಿಮೆ, ಮೈ ಸರಿಯಿಲ್ಲ ಎಂದು ಹೇಳುವುದಕ್ಕೂ ಅದೇ ಸಲ್ಲುತ್ತದೆ. ಗಾಲ್ಫಿನಲ್ಲಿಯಾದರೋ ಹೊಡೆತ ಕಡಿಮೆಯಾದಷ್ಟೂ ಆಟ ಉತ್ತಮ. ಅಲ್ಲಿ ಪಾರ್‌ಗಿಂತ ಕೆಳಗಿರುವವನೇ ಮುಂದಿರುತ್ತಾನೆ.