ಕಳೆ ಮಿಷನ್ ನಿಂತಾಗ ಪೆಟ್ರೋಲ್ ದಾರಿ ಹಿಡಿದು ಹೋದೆ

ಕೊಡಗಿನ ಸೋಮವಾರಪೇಟೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಜೂನ್ ಮಳೆ ಹಿಡಿಯುವ ಮುಂಚೆ ಒಂದು ಸುತ್ತು ಕಳೆ ಹೊಡೆದು, ಕಳೆ ಮಿಷನ್ನನ್ನು ಹಾಗೇ ಶೆಡ್ಡಿನಲ್ಲಿ ನೇತುಹಾಕಿದ್ದೆ. ಮತ್ತೆ ಇಳಿಸಿದ್ದು ನಮ್ಮ ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ, ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಗಿಡಗಳ ಮಧ್ಯೆ ಕಳೆ ಮೊಣಕಾಲೆತ್ತರ ಬಂದಿತ್ತು. ಹಗ್ಗ ಎಳೆದು ಎಳೆದು ಭುಜ ನೋವು ಬಂತು. ಚೋಕ್ ಹಾಕಿದರೆ ಎರಡು ಸಲ ಪಟಪಟ ಅಂದು ಸುಮ್ಮನಾಗುತ್ತಿತ್ತು.

"ಅಣ್ಣ, ಕಾರ್ಬುರೇಟರ್ ಹೋಗಿದೆ, ಹೊಸದು ಹಾಕಿಸಿಬಿಡಿ" ಅಂದ ಕೆಲಸಕ್ಕೆ ಬರುವ ಹುಡುಗ. ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ ಅದು. ಪೇಟೆಯ ಮೆಕ್ಯಾನಿಕ್ ಒಬ್ಬರು ಫೋನಿನಲ್ಲೇ ಅದನ್ನೇ ಹೇಳಿದರು. ನನಗೆ ಮನಸ್ಸು ಒಪ್ಪಲಿಲ್ಲ. ಹನ್ನೆರಡು ವರ್ಷ ದುಡಿದ ಮಿಷನ್ ಅದು. ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಹೋಗುವ ದಾರಿ ಒಂದು ಮೊಳವೂ ಇಲ್ಲ. ಅದನ್ನು ನೋಡದೆ ಕಾರ್ಬುರೇಟರ್ ಮೇಲೆ ತಪ್ಪು ಹೊರಿಸುವುದು ಹೇಗೆ?

ಮೊದಲು ಪ್ಲಗ್ ಬಿಚ್ಚಿದೆ. ಕಿಡಿ ಬರುತ್ತಿತ್ತು, ಆದರೆ ತುದಿ ಪೂರ್ತಿ ಒಣಗಿತ್ತು. ಪ್ಲಗ್ಗಿನ ತೂತಿಗೆ ಆಯಿಲ್ ಬೆರೆಸಿದ ಹೊಸ ಪೆಟ್ರೋಲ್ ನಾಲ್ಕು ಹನಿ ಬಿಟ್ಟು, ಪ್ಲಗ್ ಹಾಕಿ ಎಳೆದೆ. ಎರಡು ಮೂರು ಸೆಕೆಂಡ್ ಓಡಿ ನಿಂತಿತು. ಎಂಜಿನ್ ಚೆನ್ನಾಗಿದೆ, ಪೆಟ್ರೋಲ್ ಬರುತ್ತಿಲ್ಲ ಅಂತ ಅಲ್ಲಿಗೇ ಗೊತ್ತಾಯಿತು.

ಟ್ಯಾಂಕಿನಲ್ಲಿ ಉಳಿದಿದ್ದನ್ನು ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿಗೆ ಸುರಿದು ಬೆಳಕಿಗೆ ಹಿಡಿದೆ. ಎರಡು ಪದರ! ಮೇಲೆ ಆಯಿಲ್ ಬಣ್ಣದ ಪೆಟ್ರೋಲ್, ತಳದಲ್ಲಿ ಒಂದು ಬೆರಳಿನಷ್ಟು ನೀರಿನಂಥದ್ದು. ಅಲ್ಲಾಡಿಸಿದರೆ ಬೆರೆತು, ಸ್ವಲ್ಪ ಹೊತ್ತಿಗೆ ಮತ್ತೆ ಬೇರೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ತೇವ ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದ ಗಾಳಿ ಹೇಗೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಜೊತೆಗೆ ಟ್ಯಾಂಕ್ ಮುಚ್ಚಳದ ವಾಷರ್ ಸೀಳಿತ್ತು, ಮೇಲಿನ ಹೆಂಚು ಸೋರುತ್ತಿತ್ತು. ನೀರು ಜಾಸ್ತಿಯಾದಾಗ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಎಂಜಿನ್ ಒಳಗೆ ಜಾರಲೆಂದು ಪೆಟ್ರೋಲಿಗೆ ಬೆರೆಸುವ ಟೂ-ಟಿ ಆಯಿಲ್ ಮೇಲೆಯೇ ಉಳಿಯುತ್ತದೆ. ಫಿಲ್ಟರ್ ಇರುವುದು ತಳದಲ್ಲಿ. ಅಂದರೆ ಎಂಜಿನ್ನಿಗೆ ಸಿಗುವುದು ಆಯಿಲ್ ಇಲ್ಲದ್ದು. ಇದರಲ್ಲೇ ಓಡಿದ್ದರೆ ಪಿಸ್ಟನ್ ಬಿಸಿಯಾಗಿ ಸೀಜ್ ಆಗುತ್ತಿತ್ತು, ಅಂದರೆ ಒಳಗೇ ಕಚ್ಚಿಕೊಳ್ಳುತ್ತಿತ್ತು. ಸ್ಟಾರ್ಟ್ ಆಗದಿದ್ದದ್ದೇ ಒಳ್ಳೆಯದಾಯಿತು.

ಸೈಕಲ್ ಕಡ್ಡಿಯ ತುದಿ ಬಗ್ಗಿಸಿ ಫಿಲ್ಟರನ್ನು ಮೇಲಕ್ಕೆಳೆದೆ. ಬಿಳಿ ಇರಬೇಕಾದದ್ದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಪೈಪ್ ಬೆರಳಲ್ಲಿ ಬಗ್ಗಿಸಿದರೆ ಒಣ ಕಡ್ಡಿಯ ಹಾಗೆ ಟಕ್ ಅಂತ ಮುರಿಯಿತು. ಟ್ಯಾಂಕಿನ ತೂತು ದಾಟುವ ಜಾಗದಲ್ಲಿ ಮೊದಲೇ ಬಿರುಕಿತ್ತು. ಗಾಳಿ ಎಳೆಯುತ್ತಿದ್ದದ್ದು ಅಲ್ಲಿಂದಲೇ. ಪೆಟ್ರೋಲ್ ಎಳೆಯಲು ಒತ್ತುವ ಪ್ರೈಮರ್ ಬಲ್ಬ್ ಎಷ್ಟು ಒತ್ತಿದರೂ ಬರೀ ಗುಳ್ಳೆ ಬರುತ್ತಿದ್ದದ್ದು ಅದಕ್ಕೇ.

ಹೊಸ ಪೈಪ್ ತೂರಿಸಲು ತುದಿಯನ್ನು ಓರೆಯಾಗಿ ಕತ್ತರಿಸಿ, ಒಂದು ಹನಿ ಆಯಿಲ್ ಸವರಿ, ಒಳಗಿನಿಂದ ಎಳೆದರೆ ಸುಲಭ. ಹಳೆಯದನ್ನು ಬಿಚ್ಚುವ ಮುಂಚೆ ಯಾವುದು ಎಲ್ಲಿಗೆ ಅಂತ ಗುರುತು ಮಾಡಿಕೊಳ್ಳಿ. ಫಿಲ್ಟರ್ ಇರುವ ಪೈಪ್ ಕಾರ್ಬುರೇಟರಿಗೆ ಹೋಗುತ್ತದೆ. ಬಲ್ಬಿನಿಂದ ವಾಪಸ್ ಟ್ಯಾಂಕಿಗೆ ಬರುವುದಕ್ಕೆ ಫಿಲ್ಟರ್ ಇಲ್ಲ. ಅದಲು ಬದಲಾದರೆ ಬಲ್ಬ್ ತುಂಬುವುದೇ ಇಲ್ಲ.

ಮುಚ್ಚಳದ ಸೀಳಿದ ವಾಷರನ್ನೂ ಬದಲಿಸಿದೆ. ಈಗ ಬಲ್ಬ್ ತುಂಬಿತು, ಮಿಷನ್ ಸ್ಟಾರ್ಟ್ ಆಯಿತು. ಆದರೆ ರೇಸ್ ಕೊಟ್ಟ ತಕ್ಷಣ ಸಾಯುತ್ತಿತ್ತು. ಕಾರ್ಬುರೇಟರ್ ಬಿಚ್ಚಿದ್ದು ಆಮೇಲೆಯೇ. ಒಂದು ಕಡೆ ನಾಲ್ಕು ಸ್ಕ್ರೂ ತೆಗೆದರೆ ಡಯಾಫ್ರಮ್, ಅಂದರೆ ಪೆಟ್ರೋಲ್ ಅಳತೆ ನೋಡಿಕೊಳ್ಳುವ ತೆಳು ಹಾಳೆ. ಬಲೂನಿನ ಹಾಗೆ ಮೆತ್ತಗಿರಬೇಕಾದದ್ದು ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಇನ್ನೊಂದು ಕಡೆ ಪಂಪಿನ ಡಯಾಫ್ರಮ್, ಅದರ ಕೆಳಗೆ ಮೆಣಸಿನ ಕಾಳಿನಷ್ಟು ಅಗಲದ ಜಾಲರಿ. ಅದರ ಮೇಲೆ ಅಂಟಿನ ಪೊರೆ. ಎರಡೂ ಡಯಾಫ್ರಮ್ ತೆಗೆದಿಟ್ಟು ಕಾರ್ಬ್ ಕ್ಲೀನರ್ ಹೊಡೆದೆ, ಸೂಜಿಯಿಲ್ಲದ ಸಿರಿಂಜಿನಿಂದ ಸಣ್ಣ ತೂತುಗಳಿಗೆ ಪೆಟ್ರೋಲ್ ಹಾಯಿಸಿದೆ. ತಂತಿ ಮಾತ್ರ ಹಾಕಲೇಬೇಡಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಸೆಟ್ಟಿಂಗ್ ಕೆಡುತ್ತದೆ. ಆಮೇಲೆ ಸಂದಿ ಸೋರದಂತೆ ಕೂರಿಸುವ ಗ್ಯಾಸ್ಕೆಟ್, ಡಯಾಫ್ರಮ್ ಎರಡೂ ಇರುವ ಕಿಟ್ ತಂದು ಹಾಕಿದೆ. ಹೊಸ ಕಾರ್ಬುರೇಟರಿಗಿಂತ ಎಷ್ಟೋ ಅಗ್ಗ.

ಒಂದು ಕಡೆ ಎಡವಿದೆ. ಜೋಡಿಸುವಾಗ ಪದರಗಳು ಹಿಂದುಮುಂದಾಗಿ ಅರ್ಧ ದಿನ ಹೋಯಿತು. ನನ್ನ ಕಾರ್ಬುರೇಟರಿನಲ್ಲಿ ನಾಲ್ಕು ಸ್ಕ್ರೂ ಕಡೆ ಮೊದಲು ಗ್ಯಾಸ್ಕೆಟ್, ಮೇಲೆ ಡಯಾಫ್ರಮ್. ಪಂಪ್ ಕಡೆ ಇದಕ್ಕೆ ಉಲ್ಟಾ. ಒಂದೊಂದು ಪದರ ತೆಗೆಯುವಾಗಲೂ ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಮರುದಿನ ಹತ್ತು ನಿಮಿಷ ಚೆನ್ನಾಗಿ ಹೊಡೆದು ಮತ್ತೆ ನಿಂತಿತು. ಮುಚ್ಚಳ ಸಡಿಲಿಸಿದರೆ ಉಸ್ ಅಂತ ಸದ್ದು. ಟ್ಯಾಂಕಿಗೆ ಗಾಳಿ ಹೋಗುವ ಸಣ್ಣ ತೂತು ಆಯಿಲ್ ಮತ್ತು ದೂಳಿನಿಂದ ಮುಚ್ಚಿಹೋಗಿತ್ತು. ಪೆಟ್ರೋಲ್ ಖಾಲಿಯಾದಷ್ಟು ಗಾಳಿ ಒಳಗೆ ಹೋಗಬೇಕು, ಇಲ್ಲದಿದ್ದರೆ ಪೆಟ್ರೋಲ್ ಮೇಲಕ್ಕೆ ಬರುವುದಿಲ್ಲ. ತೊಳೆದು ಹಾಕಿದೆ. ಅವತ್ತೇ ಸಂಜೆಯೊಳಗೆ ಅರ್ಧ ಎಕರೆ ಮುಗಿಯಿತು.

ಈಗ ಒಂದು ಸಲಕ್ಕೆ 1 ಲೀಟರ್ ಮಾತ್ರ ಬೆರೆಸುತ್ತೇನೆ. ನನ್ನ ಹಳೇ ಮಿಷನ್ನಿಗೆ ಲೀಟರಿಗೆ 40 ಮಿ.ಲೀ. ಟೂ-ಟಿ. ಕೆಲವಕ್ಕೆ 20 ಸಾಕು, ಅದರ ಪುಸ್ತಕದಲ್ಲಿ ಬರೆದಿರುತ್ತದೆ. ಎರಡು ಮೂರು ವಾರದೊಳಗೆ ಖರ್ಚು ಮಾಡುತ್ತೇನೆ. ಮಳೆ ಹಿಡಿಯುವ ಮುಂಚೆ ಟ್ಯಾಂಕ್ ಖಾಲಿ ಮಾಡಿ, ಬಲ್ಬ್ ಒತ್ತಿ ಪೈಪಿನಲ್ಲಿ ಉಳಿದಿದ್ದನ್ನೂ ಹೊರಗೆ ಹಾಕಿ, ತಾನಾಗಿ ನಿಲ್ಲುವವರೆಗೆ ಓಡಿಸಿ ನೇತುಹಾಕುತ್ತೇನೆ. ಆ ಸೋರುವ ಹೆಂಚನ್ನೂ ಬದಲಿಸಿದ್ದಾಯಿತು.