ಐ10 ಕಾರಿನ ಸಣ್ಣಪುಟ್ಟ ಕೆಲಸ ನಾನೇ ಮಾಡಿಕೊಳ್ಳುವ ಬಗೆ

ಹ್ಯುಂಡೈ ಐ10ನಂಥ ಕಾರಿನಲ್ಲಿ ಎಂಜಿನ್ ಕೈಕೊಡುವುದು ಅಪರೂಪ. ಮೊದಲು ಸೋಲುವುದು ರಬ್ಬರು, ಪ್ಲಾಸ್ಟಿಕ್ಕು, ವಾಷರು. ಇವನ್ನು ಗುರುತು ಹಿಡಿಯಲಾಗದೆ ಪಕ್ಕದ ದೊಡ್ಡ ಭಾಗವನ್ನೇ ಬದಲಿಸಿಬಿಡುತ್ತಾರೆ, ಅಗ್ಗದ ಕಾರು ದುಬಾರಿಯಾಗುವುದು ಅಲ್ಲೇ. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ನಾನು ಕಲಿತದ್ದು ಪಾರ್ಟ್ ನಂಬರ್ ಓದುವುದನ್ನು.

ಹ್ಯುಂಡೈ, ಕಿಯಾ ಭಾಗಗಳ ನಂಬರಿನ ಮೊದಲ ಐದು ಅಂಕಿ ಅದು ಯಾವ ಭಾಗ ಅನ್ನುವುದನ್ನು ಹೇಳುತ್ತದೆ. 26300 ಅಂದರೆ ಆಯಿಲ್ ಫಿಲ್ಟರ್, 28113 ಏರ್ ಫಿಲ್ಟರ್, 97133 ಏಸಿಯ ಕ್ಯಾಬಿನ್ ಫಿಲ್ಟರ್, 58101 ಮುಂದಿನ ಬ್ರೇಕ್ ಪ್ಯಾಡ್, 27301 ಇಗ್ನಿಷನ್ ಕಾಯಿಲ್. ನಂತರದ ಎರಡು ಅಕ್ಷರ ಸಾಮಾನ್ಯವಾಗಿ ಆ ಭಾಗ ಮೊದಲು ಯಾವ ಮಾದರಿಗೆ ಬಂತು ಅನ್ನುವುದರ ಗುರುತು: 0ಎಕ್ಸ್ ಇದ್ದರೆ ಐ10, 1ಜೆ ಇದ್ದರೆ ಮೊದಲ ಪೀಳಿಗೆಯ ಐ20, 07 ಇದ್ದರೆ ಕಿಯಾ ಪಿಕಾಂಟೊ. ಕಿಯಾ 1998ರಲ್ಲಿ ಹ್ಯುಂಡೈ ಕೈಗೆ ಬಂದ ಮೇಲೆ ಎರಡೂ ಕಂಪನಿಯ ಸಣ್ಣ ಕಾರುಗಳು ಒಂದೇ ಬುನಾದಿ ಹಂಚಿಕೊಂಡಿವೆ. ಪಿಕಾಂಟೊ ಹೆಸರಿನ ಡಬ್ಬಿಯಲ್ಲಿ ಬಂದ ಎಷ್ಟೋ ಭಾಗ ಐ10ಗೂ ಸರಿಯಾಗಿ ಕೂರುತ್ತದೆ. ಅಂಗಡಿಯಲ್ಲಿ ಕಾರಿನ ಹೆಸರು ಹೇಳಿ ಕೇಳಿದರೆ ‘ಸ್ಟಾಕಿಲ್ಲ’ ಅನ್ನುವವರೇ ನಂಬರ್ ಹೇಳಿದರೆ ತೆಗೆದು ಕೊಡುವುದುಂಟು.

ಶಾಸಿ ನಂಬರನ್ನೂ ಒಮ್ಮೆ ಓದಿ ಬರೆದಿಟ್ಟುಕೊಳ್ಳಿ. ಆರಂಭದ ಮೂರು ಅಕ್ಷರ ಎಂಎಎಲ್ ಇದ್ದರೆ ಕಾರು ಚೆನ್ನೈ ಬಳಿಯ ಕಾರ್ಖಾನೆಯದು, ಕೆಎಂಎಚ್ ಇದ್ದರೆ ಕೊರಿಯಾದ್ದು. ಹತ್ತನೆಯ ಅಕ್ಷರ ಮಾಡೆಲ್ ವರ್ಷ: 9 ಅಂದರೆ 2009, ಎ ಅಂದರೆ 2010, ಬಿ ಅಂದರೆ 2011. ಮಧ್ಯದಲ್ಲಿ ಮಾದರಿ ಬದಲಾದ ವರ್ಷಗಳಲ್ಲಿ ಒಂದೇ ಭಾಗಕ್ಕೆ ಎರಡು ನಂಬರ್ ಇರುತ್ತವೆ, ಆಗ ಕೈಹಿಡಿಯುವುದು ಇದೇ.

ಇನ್ನು ಎಂಜಿನ್. 2007ರಲ್ಲಿ ಬಂದ ಮೊದಲ ಐ10ನಲ್ಲಿದ್ದದ್ದು 1086 ಸಿಸಿಯ, ಅಂದರೆ 1.1 ಲೀಟರಿನ 12 ವಾಲ್ವ್ ಎಂಜಿನ್, ಅದರ ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ತೆರೆದು ಮುಚ್ಚಿಸುವುದು ರಬ್ಬರಿನ ಟೈಮಿಂಗ್ ಬೆಲ್ಟು. ಆಮೇಲೆ ಬಂದ 1.2 ಕಪ್ಪಾ ಎಂಜಿನ್ನಿಗೆ 16 ವಾಲ್ವು, ಟೈಮಿಂಗ್ ಚೈನು. ಹಳೆಯ ಕಾರು ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಬಣ್ಣದ್ದಲ್ಲ, ಇದು. 1.1ರಲ್ಲಿ ಬೆಲ್ಟು ಹರಿದರೆ ಪಿಸ್ಟನ್ ನೇರವಾಗಿ ವಾಲ್ವಿಗೆ ಬಡಿದು ವಾಲ್ವು ಬಾಗುತ್ತದೆ. ಹೆಡ್ ಬಿಚ್ಚದೆ ಗತಿಯಿಲ್ಲ. ಬೆಲ್ಟು ಬದಲಿಸಿದ ದಾಖಲೆ ಇಲ್ಲ ಅಂದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಾಕಿ. ಕಿಲೋಮೀಟರ್ ಕಡಿಮೆ ಓಡಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಕಾರಿನ ಕೈಪಿಡಿಯಲ್ಲಿ ಕೊಟ್ಟ ಕಿಲೋಮೀಟರ್, ವರ್ಷ ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಗಡುವು. ಬೆಲ್ಟಿನ ಜೊತೆಗೇ ಅದನ್ನು ಬಿಗಿಹಿಡಿಯುವ ಟೆನ್ಷನರ್, ದಾರಿ ತೋರುವ ಐಡ್ಲರ್ ಗಾಲಿ ಎರಡನ್ನೂ ಬದಲಿಸುತ್ತೇನೆ. ಹೊಸ ಬೆಲ್ಟನ್ನು ಹರಿಯುವುದು ಬಹಳ ಸಲ ಸವೆದು ಹಿಡಿದುಕೊಂಡ ಹಳೆಯ ಬೇರಿಂಗು.

ಕಪ್ಪಾ ಎಂಜಿನ್ನಿನ ಚೈನಿಗೆ ಆಯುಷ್ಯ ಪೂರ್ತಿ ಬಾಳಿಕೆ ಅನ್ನುತ್ತಾರೆ. ಆಯಿಲ್ ಚೆನ್ನಾಗಿದ್ದರೆ ಮಾತ್ರ ಆ ಮಾತು ನಿಜ. ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುವುದು. ಆಯಿಲ್ ಕಡಿಮೆಯಾದರೆ ಅಥವಾ ಕೆಸರಾದರೆ ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎಂಜಿನ್ನಿನ ಹೊರಗಿನ ಬೆಲ್ಟು (ಆಲ್ಟರ್ನೇಟರ್ ತಿರುಗಿಸುವುದು) ಇರುವ ಕಡೆಯಿಂದ ಒಂದೆರಡು ಕ್ಷಣ ಗರಗರ ಶಬ್ದ ಕೇಳುತ್ತದೆ. ಆ ಶಬ್ದ ಪ್ರತಿ ಸಲ ಬರುತ್ತಿದ್ದರೆ ಮೊದಲು ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಎಳೆದು ನೋಡಿ.

ಆಯಿಲ್ ಬದಲಿಸಲು ಎಂಜಿನ್ ಉಗುರುಬೆಚ್ಚಗಿದ್ದರೆ ಸಾಕು. ಡ್ರೈನ್ ಪ್ಲಗ್ಗಿಗೆ 17ರ ಸ್ಪ್ಯಾನರ್. ಪ್ಲಗ್ಗಿನ ಅಲ್ಯೂಮಿನಿಯಂ ವಾಷರನ್ನು (21513-23001) ಪ್ರತಿ ಸಲ ಹೊಸದು ಹಾಕುತ್ತೇನೆ. ಅದು ಒಮ್ಮೆ ಅಮುಕಿ ಚಪ್ಪಟೆಯಾದ ಮೇಲೆ ಇನ್ನೊಮ್ಮೆ ಸೀಲ್ ಆಗುವುದಿಲ್ಲ. ಹಳೆಯ ವಾಷರ್ ಕೆಲವೊಮ್ಮೆ ಆಯಿಲ್ ಪ್ಯಾನಿಗೇ ಅಂಟಿಕೊಂಡಿರುತ್ತದೆ. ಅದನ್ನು ನೋಡದೆ ಮೇಲೊಂದು ಹಾಕಿದರೆ ತೊಟ್ಟಿಕ್ಕುವುದು ನಿಲ್ಲುವುದಿಲ್ಲ, ನಿಲ್ಲಿಸೋಣ ಅಂತ ಬಿಗಿದಷ್ಟೂ ಪ್ಲಗ್ಗಿನ ಮರೆ (ಸುರುಳಿ ಗೀರು) ಹಾಳಾಗುತ್ತದೆ. 35ರಿಂದ 45 ನ್ಯೂಟನ್ ಮೀಟರ್ ಬಿಗಿತ ಸಾಕು, ಉದ್ದ ಹಿಡಿಯ ರೆಂಚಿನಲ್ಲಿ ಮೈಭಾರ ಹಾಕುವ ಅಗತ್ಯವೇ ಇಲ್ಲ.

ಫಿಲ್ಟರ್ 1.1ಕ್ಕೆ 26300-02503, ಕಪ್ಪಾಕ್ಕೆ 26300-35505. ಹಳೆಯದನ್ನು ಬಿಚ್ಚಿದ ಕೂಡಲೇ ಅದರ ರಬ್ಬರ್ ರಿಂಗು ಜೊತೆಗೇ ಬಂತೇ ಅಂತ ನೋಡಿ. ಎಂಜಿನ್ನಿಗೆ ಅಂಟಿಕೊಂಡು ಉಳಿದ ರಿಂಗಿನ ಮೇಲೆ ಹೊಸ ಫಿಲ್ಟರ್ ಕೂತರೆ ಮೊದಮೊದಲು ಏನೂ ಗೊತ್ತಾಗುವುದಿಲ್ಲ; ಒತ್ತಡ ಏರಿದಾಗ ಒಂದು ರಿಂಗು ಜಾರಿ ಆಯಿಲೆಲ್ಲ ರಸ್ತೆ ಪಾಲು. ಹೊಸ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ, ರಿಂಗು ತಾಗಿದ ಮೇಲೆ ಮುಕ್ಕಾಲು ಸುತ್ತು. ಅಷ್ಟೇ. ಆಯಿಲ್ 1.1ಕ್ಕೆ ಸುಮಾರು 3 ಲೀಟರ್, ಕಪ್ಪಾಕ್ಕೆ ಸುಮಾರು 3.5. ನಾನು ಕಾಲು ಲೀಟರ್ ಕಡಿಮೆಯೇ ಸುರಿದು, ಎಂಜಿನ್ ಒಂದು ನಿಮಿಷ ಓಡಿಸಿ ನಿಲ್ಲಿಸಿ, ಐದು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ ನೋಡಿಕೊಂಡು ಉಳಿದದ್ದನ್ನು ಹಾಕುತ್ತೇನೆ. ಎಫ್ (ಫುಲ್) ಗುರುತಿಗಿಂತ ಮೇಲೆ ತುಂಬಿಸುವುದೂ ಕೇಡೇ. ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಗೆ ಒತ್ತಡ ನಿಲ್ಲುವುದಿಲ್ಲ.

ಕೂಲೆಂಟಿನ ವಿಷಯದಲ್ಲಿ ಒಂದೇ ಮಾತು: ನಲ್ಲಿ ನೀರು ಬೇಡ. ಕೊರಿಯಾದ ಕಾರುಗಳಿಗೆ ಹೇಳಿರುವುದು ಫಾಸ್ಫೇಟ್ ಬೆರೆಸಿದ ಎಥಿಲೀನ್ ಗ್ಲೈಕಾಲ್. ಗಡಸು ನೀರಿನ ಸುಣ್ಣದ ಅಂಶದ ಜೊತೆ ಫಾಸ್ಫೇಟ್ ಸೇರಿದರೆ ಬಿಳಿ ಗಷ್ಟು ಕೂತು ರೇಡಿಯೇಟರಿನ ಸಣ್ಣ ಕೊಳವೆಗಳು ಕಟ್ಟಿಕೊಳ್ಳುತ್ತವೆ. ಡಿಸ್ಟಿಲ್ಡ್ ನೀರು ಅರ್ಧ, ಕೂಲೆಂಟ್ ಅರ್ಧ.

ಈಗ ಬ್ರೇಕ್ ಪೆಡಲ್ಲಿನ ಮೇಲ್ತುದಿಗೆ ಬರೋಣ. ಡ್ರೈವರ್ ಸೀಟಿನ ಮುಂದಿನ ಮ್ಯಾಟಿನ ಮೇಲೆ ಎಲ್ಲಿಂದಲೋ ಉದುರಿದ ಪ್ಲಾಸ್ಟಿಕ್ ಚೂರು ಸಿಕ್ಕರೆ ಗುಡಿಸಿ ಬಿಸಾಡಬೇಡಿ. ಪೆಡಲ್ಲಿನ ತೋಳಿನಲ್ಲಿ ಒಂದು ತೂತು, ಆ ತೂತಿಗೆ ಬೆರಳ ತುದಿಯಷ್ಟು ದೊಡ್ಡ ಸ್ಟಾಪರ್ ಬಿರಟೆ ಇರುತ್ತದೆ. ಕಾಲು ತೆಗೆದಾಗ ಈ ಸ್ಟಾಪರ್ ಬ್ರೇಕ್ ಲೈಟ್ ಸ್ವಿಚ್ಚಿನ ಕಡ್ಡಿಯನ್ನು ಒಳಕ್ಕೆ ಒತ್ತಿ ಹಿಡಿಯುತ್ತದೆ. ವರ್ಷಗಟ್ಟಲೆ ಬಿಸಿಲಿಗೆ ಕಾದು ಅದು ಪುಡಿಯಾದರೆ ಕಡ್ಡಿ ನೇರ ತೂತಿನೊಳಗೆ ತೂರುತ್ತದೆ, ಕೀಲಿ ತೆಗೆದರೂ ಬ್ರೇಕ್ ಲೈಟು ಉರಿಯುತ್ತಲೇ ಇರುತ್ತದೆ, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ. ಬ್ಯಾಟರಿಯನ್ನೇ ದೂರಿ ಹೊಸದು ಹಾಕಿಸಿದರೆ ಅದೂ ಮರುದಿನ ಮಲಗುತ್ತದೆ. ಕ್ಲಚ್ ಪೆಡಲ್ಲಿಗೂ ಸ್ವಿಚ್ ಇರುವ ಕಾರಿನಲ್ಲಿ ಅಲ್ಲಿಯೂ ಇಂಥದ್ದೇ ಒಂದು ಬಿರಟೆ ಇರುತ್ತದೆ, ಎರಡನ್ನೂ ಒಟ್ಟಿಗೇ ಬದಲಿಸುವುದು ವಾಸಿ. ಸ್ಪ್ಯಾನರೂ ಬೇಕಿಲ್ಲ, ಬೆರಳಲ್ಲಿ ಒತ್ತಿದರೆ ಕೂರುತ್ತದೆ. ಕಷ್ಟವೆಲ್ಲ ತಲೆಕೆಳಗಾಗಿ ಡ್ಯಾಶ್‌ಬೋರ್ಡಿನ ಕೆಳಗೆ ತೂರುವುದರಲ್ಲಿ.

ಸ್ವಿಚ್ಚೇ ಕೆಟ್ಟರೆ ಲಕ್ಷಣ ಬೇರೆ: ಬ್ರೇಕ್ ಒತ್ತಿದರೂ ಹಿಂದೆ ದೀಪ ಹತ್ತುವುದಿಲ್ಲ, ಅಥವಾ ಒಮ್ಮೆ ಹತ್ತಿ ಒಮ್ಮೆ ಇಲ್ಲ, ಆಟೊಮ್ಯಾಟಿಕ್ ಕಾರಾದರೆ ಗೇರು ಪಾರ್ಕಿನಿಂದ ಹೊರಬರುವುದಿಲ್ಲ. 2013ರಲ್ಲಿ ಅಮೆರಿಕದಲ್ಲಿ ಹ್ಯುಂಡೈ, ಕಿಯಾ ಸೇರಿ ಸುಮಾರು 19 ಲಕ್ಷ ಕಾರುಗಳನ್ನು ವಾಪಸ್ ಕರೆಸಿದ್ದಕ್ಕೆ ಮುಖ್ಯ ಕಾರಣ ಇದೇ ಬಗೆಯ ಸ್ವಿಚ್ಚು. ಹೊಸದು ಹಾಕಿದ ಮೇಲೆ ಸ್ವಿಚ್ಚಿನ ಮೈಗೂ ಸ್ಟಾಪರಿಗೂ ನಡುವೆ 1ರಿಂದ 2 ಮಿ.ಮೀ. ಅಂತರ ಇರಲಿ. ತೀರಾ ಹತ್ತಿರ ತಂದರೆ ಪೆಡಲ್ ಪೂರ್ತಿ ಮೇಲೇಳದೆ ಬ್ರೇಕ್ ಹಿಡಿದುಕೊಂಡೇ ಇರುತ್ತದೆ.

ಅತಿ ಹೆಚ್ಚು ತಪ್ಪು ರೋಗ ಹೇಳಿಸಿಕೊಳ್ಳುವುದು ಸ್ಟೇರಿಂಗ್. ಈ ಕಾರುಗಳ ಪವರ್ ಸ್ಟೇರಿಂಗಿಗೆ ಆಯಿಲ್ ಇಲ್ಲ. ಸ್ಟೇರಿಂಗ್ ಚಕ್ರವನ್ನು ಹೊತ್ತ ಕಂಬದ (ಕಾಲಂ) ಮೇಲೆ ಕೂತ ವಿದ್ಯುತ್ ಮೋಟರೇ ತಿರುಗಿಸುತ್ತದೆ. ಮೋಟರಿನ ಶಾಫ್ಟಿಗೂ ಅದು ತಿರುಗಿಸುವ ಸುರುಳಿ ಹಲ್ಲಿನ ವರ್ಮ್ ಗೇರಿಗೂ ನಡುವೆ ನಕ್ಷತ್ರದಾಕಾರದ ಒಂದು ಸಣ್ಣ ರಬ್ಬರ್ ಕಪ್ಲಿಂಗ್ ಇದೆ. ಅದು ಗಟ್ಟಿಯಾಗಿ ಒಡೆದಾಗ ಕಾರು ನಿಂತಿದ್ದಾಗಲೂ ಸ್ಟೇರಿಂಗ್ ಚಕ್ರವನ್ನು ಎಡಬಲ ಸ್ವಲ್ಪವೇ ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತದೆ, ಅದು ಅಂಗೈಗೂ ತಾಗುತ್ತದೆ. ಗ್ಯಾರೇಜುಗಳಲ್ಲಿ ಇದಕ್ಕೆ ರ‍್ಯಾಕ್ ಬದಲಿಸಿ, ಮುಂದಿನ ಚಕ್ರಗಳನ್ನು ತಿರುಗಿಸುವ ಟೈ ರಾಡ್ ಬದಲಿಸಿ, ಕೊನೆಗೆ ಕಾಲಮ್ಮನ್ನೇ ಬದಲಿಸಿ ಅನ್ನುತ್ತಾರೆ. ಪರೀಕ್ಷೆ ಸುಲಭ: ಒಬ್ಬರು ಸ್ಟೇರಿಂಗ್ ಅಲ್ಲಾಡಿಸಲಿ, ನೀವು ಒಂದೊಂದು ಜಾಗಕ್ಕೆ ಕೈಯಿಟ್ಟು ನೋಡಿ. ಬಡಿತ ಮುಂದಿನ ಚಕ್ರದ ಬಳಿ ಟೈ ರಾಡಿನ ತುದಿಯಲ್ಲಿ ಸಿಕ್ಕರೆ ಅದು ಬಾಲ್ ಜಾಯಿಂಟು. ಪೆಡಲ್ಲುಗಳ ಹತ್ತಿರದ ಯುನಿವರ್ಸಲ್ ಜಾಯಿಂಟಿನಲ್ಲಿ ಸಿಕ್ಕರೆ ಅದೇ. ಮೋಟರಿನ ಮೈಮೇಲೇ ಸಿಕ್ಕರೆ ಕಪ್ಲಿಂಗು.

ಹಲವು ಹ್ಯುಂಡೈ, ಕಿಯಾ ಕಾರುಗಳಿಗೆ ಈ ಕಪ್ಲಿಂಗಿನ ನಂಬರ್ ಒಂದೇ, 56315-2ಕೆ000. 2ಕೆ ಅಂದರೆ ಕಿಯಾ ಸೋಲ್. ಆದರೂ ಕೊಳ್ಳುವ ಮೊದಲು ಶಾಸಿ ನಂಬರಿಗೆ ತಾಳೆ ನೋಡಿಸಿ.

ಕಪ್ಲಿಂಗ್ ಬದಲಿಸುವ ಕೆಲಸಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ಮುಂದಿನ ಚಕ್ರಗಳು ನೇರ ಇರಬೇಕು. ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕನಿಷ್ಠ ಮೂರು ನಿಮಿಷ ಕಾಯಿರಿ. ಏರ್‌ಬ್ಯಾಗಿನ ಕೆಪಾಸಿಟರ್ ಖಾಲಿಯಾಗಲು ಅಷ್ಟು ಸಮಯ ಬೇಕು, ಇದರಲ್ಲಿ ರಾಜಿ ಇಲ್ಲ. ಏರ್‌ಬ್ಯಾಗ್ ಬಿಚ್ಚಿ ಹಳದಿ ಕನೆಕ್ಟರ್ ಎಳೆದು, ಬ್ಯಾಗಿನ ಮುಖ ಮೇಲೆ ಮಾಡಿ ದೂರ ಇಡಿ. ಸ್ಟೇರಿಂಗ್ ಚಕ್ರಕ್ಕೂ ಶಾಫ್ಟಿಗೂ ಪೇಂಟಿನಲ್ಲಿ ಗುರುತು ಹಾಕಿ ನಟ್ಟು ಸಡಿಲಿಸಿ. ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕು ಮರೆ ಉಳಿಸಿಕೊಂಡೇ ಚಕ್ರ ಎಳೆಯಿರಿ, ಇಲ್ಲದಿದ್ದರೆ ಅದು ಬಿಟ್ಟ ರಭಸಕ್ಕೆ ಮೂಗಿಗೇ ಬಡಿಯುತ್ತದೆ. ಆಮೇಲೆ ಪ್ಲಾಸ್ಟಿಕ್ ಹೊದಿಕೆ, ಹಾರ್ನಿಗೂ ಏರ್‌ಬ್ಯಾಗಿಗೂ ವಿದ್ಯುತ್ ಒಯ್ಯುವ ಕ್ಲಾಕ್ ಸ್ಪ್ರಿಂಗು, ಇಂಡಿಕೇಟರ್ ಸ್ವಿಚ್ಚು, ಕೆಳಗಿನ ಪ್ಯಾನೆಲ್. ಯುನಿವರ್ಸಲ್ ಜಾಯಿಂಟಿಗೂ ಗುರುತು ಹಾಕಿ ಬೋಲ್ಟು ತೆಗೆದು, ಕಾಲಂ ಹಿಡಿದಿರುವ ನಟ್ಟುಗಳನ್ನು ಬಿಚ್ಚಿದರೆ ಇಡೀ ಕಾಲಂ ಕೈಗೆ ಬರುತ್ತದೆ. ಮೋಟರಿನ ಬೋಲ್ಟು ತೆಗೆದು ನೇರಕ್ಕೆ ಎಳೆಯಿರಿ. ಸವೆದ ಕಪ್ಲಿಂಗ್ ಒಣಮಣ್ಣಿನ ಹಾಗೆ ಉದುರಿರುತ್ತದೆ. ಆ ಪುಡಿಯನ್ನು ಒಂದು ಚೂರೂ ಬಿಡದೆ ಒರೆಸಿ ತೆಗೆದು ಹೊಸದನ್ನು ಕೂರಿಸಿ, ಮೋಟರನ್ನು ಸುತ್ತಿಗೆಯಲ್ಲಿ ಬಡಿಯದೆ ಹಲ್ಲು ಹೊಂದಿಸಿ ಒತ್ತಿ.

ವಾಪಸ್ ಜೋಡಿಸುವಾಗ ಎಡವುವುದು ಕ್ಲಾಕ್ ಸ್ಪ್ರಿಂಗಿನಲ್ಲಿ. ಅದರೊಳಗೆ ಸುರುಳಿ ಸುತ್ತಿದ ತೆಳ್ಳನೆಯ ಪಟ್ಟಿ ಇದೆ. ಮಧ್ಯಕ್ಕೆ ತಾರದೆ ಜೋಡಿಸಿದರೆ ಮೊದಲ ಪೂರ್ಣ ತಿರುವಿನಲ್ಲೇ ಹರಿದು ಹಾರ್ನ್ ಸತ್ತು ಏರ್‌ಬ್ಯಾಗ್ ದೀಪ ಹತ್ತುತ್ತದೆ. ಬಲಕ್ಕೆ ನಿಲ್ಲುವವರೆಗೆ ಮೆಲ್ಲಗೆ ತಿರುಗಿಸಿ, ಅಲ್ಲಿಂದ ಎಡಕ್ಕೆ ಎರಡು ಸುತ್ತಿನ ಆಸುಪಾಸು ಬಂದು ಗುರುತುಗಳು ಎದುರಾಗುವಲ್ಲಿ ನಿಲ್ಲಿಸಿ. ಸ್ಟೇರಿಂಗ್ ಚಕ್ರದ ನಟ್ಟಿಗೆ 40ರಿಂದ 50 ನ್ಯೂಟನ್ ಮೀಟರ್. ಬ್ಯಾಟರಿ ಜೋಡಿಸಿದ ಮೇಲೆ ಸ್ಟೇರಿಂಗ್ ದೀಪ ಆರದಿದ್ದರೆ ಸ್ಕ್ಯಾನರ್ ಇರುವವರಲ್ಲಿ ಹೋಗಿ ಕ್ಯಾಲಿಬ್ರೇಷನ್ ಮಾಡಿಸಬೇಕು, ಬರಿಗೈಯಲ್ಲಿ ಆಗುವ ಕೆಲಸವಲ್ಲ.

ಮುಂದಿನ ಸಸ್ಪೆನ್ಷನ್ನಿನ ಲೊಡಲೊಡ ಶಬ್ದಕ್ಕೆ ಮೊದಲ ಅನುಮಾನ ಸ್ಟೆಬಿಲೈಸರ್ ಲಿಂಕಿನ (ಕಾರು ವಾಲದಂತೆ ತಡೆಯುವ ಸರಳನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಕಡ್ಡಿ) ಮೇಲೆ. ಲಿಂಕಿನ ನಟ್ಟಿಗೆ 100ರಿಂದ 118 ನ್ಯೂಟನ್ ಮೀಟರ್ ಬೇಕು, ಕಡಿಮೆ ಬಿಗಿದರೆ ಹೊಸ ಲಿಂಕೂ ಸದ್ದು ಮಾಡುತ್ತದೆ. ಚಕ್ರವನ್ನು ಕೆಳಗಿನಿಂದ ಹಿಡಿಯುವ ಲೋವರ್ ಆರ್ಮಿನ ರಬ್ಬರ್ ಬುಷ್ ಬೋಲ್ಟನ್ನು ಮಾತ್ರ ಕಾರು ಜಾಕಿಯ ಮೇಲಿದ್ದಾಗ ಪೂರ್ತಿ ಬಿಗಿಯಬೇಡಿ. ತೂಗಾಡುವ ಸ್ಥಿತಿಯಲ್ಲಿ ಬಿಗಿದ ಬುಷ್ಷು ಚಕ್ರ ನೆಲಕ್ಕೆ ಇಳಿದಾಗ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.

ಗೇರ್ ಬಾಕ್ಸ್ ಆಯಿಲ್ ಸುಮಾರು 1.9 ಲೀಟರ್, ಮಂದತೆ 75ಡಬ್ಲ್ಯು-85, ದರ್ಜೆ ಜಿಎಲ್-4. ಜಿಎಲ್-5 ಇನ್ನೂ ಒಳ್ಳೆಯದು ಅಂತ ಕೊಡುವ ಅಂಗಡಿಯವರಿದ್ದಾರೆ. ಅದರಲ್ಲಿ ಹೆಚ್ಚಿರುವ ಗಂಧಕದ ಅಂಶ ಗೇರು ಸಲೀಸಾಗಿ ಬೀಳುವಂತೆ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊ ರಿಂಗುಗಳಿಗೆ ಆಗಿಬರುವುದಿಲ್ಲ. ಯಾವಾಗಲೂ ಮೇಲಿನ ಫಿಲ್ಲರ್ ಪ್ಲಗ್ ಮೊದಲು ಬಿಚ್ಚಿ, ಆಮೇಲೆ ಕೆಳಗಿನದು. ಕೆಳಗಿನದನ್ನು ಖಾಲಿ ಮಾಡಿದ ಮೇಲೆ ಮೇಲಿನದು ಬರುವುದಿಲ್ಲ ಅಂತ ಗೊತ್ತಾದರೆ ಕಾರು ಅಲ್ಲೇ ನಿಲ್ಲುತ್ತದೆ. ಕಾರು ಮಟ್ಟಸವಾಗಿ ನಿಂತಿರುವಾಗ ಫಿಲ್ಲರ್ ತೂತಿನಿಂದ ಆಯಿಲ್ ಹೊರಕ್ಕೆ ತೊಟ್ಟಿಕ್ಕಲು ಶುರುವಾದರೆ ತುಂಬಿತು ಅಂತ ಅರ್ಥ. ರಿವರ್ಸ್ ಗೇರು ಕರಕರ ಅಂದರೆ ಆಯಿಲನ್ನು ಬೈಯಬೇಡಿ. ಅದಕ್ಕೆ ಸಿಂಕ್ರೊ ಇಲ್ಲ, ಕಾರು ಪೂರ್ತಿ ನಿಂತ ಮೇಲೆ ಕ್ಲಚ್ ಒತ್ತಿ ಮೂರು ಸೆಕೆಂಡ್ ಬಿಟ್ಟು ಹಾಕಿ. ಆಗಲೂ ಕರಕರ ಅಂದರೆ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ, ಪೆಡಲ್ಲಿನ ಆಟ ನೋಡಿ.